ಕೆತ್ತಿದವರು ಯಾರು ಅಂತ ಕೇಳಿದರೆ ಸಾಕಾ? ಸೀಡರ್ ಹಲಗೆಯ ಕಲೆ ಮತ್ತು ಅದರ ಹಕ್ಕು

2023ರಲ್ಲಿ ಅಲಾಸ್ಕಾದ ಫೆಡರಲ್ ಕೋರ್ಟು ಒಬ್ಬ ವ್ಯಾಪಾರಿಗೆ ಎರಡು ವರ್ಷ ಜೈಲು ಶಿಕ್ಷೆ ಕೊಟ್ಟಿತು. ಕೆಚಿಕಾನ್ ಪೇಟೆಯಲ್ಲಿ ಅವನ ಕುಟುಂಬದ ಅಂಗಡಿಗಳಿದ್ದವು. ಪ್ರಾಣಿ, ಪಕ್ಷಿಗಳ ಆಕೃತಿ ಕೆತ್ತಿದ ಮರದ ಟೋಟೆಮ್ ಕಂಬಗಳು, ಕಲ್ಲಿನ ಕೆತ್ತನೆಗಳು ಅಲ್ಲಿ ಅಲಾಸ್ಕಾದ ಮೂಲನಿವಾಸಿಗಳ ಕೈಕೆಲಸ ಎಂಬ ಹೆಸರಲ್ಲಿ ಮಾರಾಟವಾಗುತ್ತಿದ್ದವು. ಕೆತ್ತನೆ ಆಗಿದ್ದು ಮಾತ್ರ ಫಿಲಿಪ್ಪೀನ್ಸ್‌ನಲ್ಲಿ. ಅಂಗಡಿಗೆ ಮೂಲನಿವಾಸಿಗಳನ್ನೇ ಕೆಲಸಕ್ಕೆ ಇಟ್ಟುಕೊಂಡು, ‘ಇದು ನನ್ನದೇ ಕೆಲಸ’ ಎಂದು ಗಿರಾಕಿಗಳ ಮುಂದೆ ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಮೂಲನಿವಾಸಿಗಳ ಕೈಕೆಲಸದ ಹೆಸರಲ್ಲಿ ಮೋಸ ಮಾಡುವುದನ್ನು ತಡೆಯುವ ಕಾನೂನಿನಡಿ ಅಲ್ಲಿಯವರೆಗೆ ಯಾರಿಗೂ ಇಷ್ಟು ದೊಡ್ಡ ಶಿಕ್ಷೆ ಆಗಿರಲಿಲ್ಲ.

ಈ ಸುದ್ದಿ ಓದಿದವರಿಗೆ ‘ಸದ್ಯ, ನ್ಯಾಯ ಸಿಕ್ಕಿತು’ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳು ಸೀಡರ್ ಮರದಲ್ಲಿ ಕೆತ್ತುವ ಕಲೆಯನ್ನು ಹತ್ತಿರದಿಂದ ನೋಡಿದಷ್ಟೂ, ಕಾನೂನು ಅರ್ಧ ಪ್ರಶ್ನೆಯನ್ನಷ್ಟೇ ಕೇಳುತ್ತಿದೆ ಎಂದು ಗೊತ್ತಾಗುತ್ತದೆ. ‘ಕೆತ್ತಿದವರು ಯಾರು?’ ಎಂದು ಅದು ಕೇಳುತ್ತದೆ. ‘ಈ ಆಕೃತಿ ಯಾರದು? ಈ ಮರ ಎಲ್ಲಿಂದ ಬಂತು?’ ಎಂದು ಕೇಳುವುದಿಲ್ಲ. ಆ ಜನರಿಗೆ ಜಾಸ್ತಿ ಮುಖ್ಯವಾದದ್ದು ಈ ಎರಡನೇ ಸಾಲಿನ ಪ್ರಶ್ನೆಗಳೇ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್ ಅಮೆರಿಕದಲ್ಲಿ ಜಾರಿಗೆ ಬಂದದ್ದು 1990ರಲ್ಲಿ. ಮೂಲನಿವಾಸಿಗಳು ಮಾಡಿಲ್ಲದ ವಸ್ತುವನ್ನು ಅವರು ಮಾಡಿದ್ದು ಎಂದು ಮಾರಿದರೆ ಅದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಆಗಬಹುದು. ಕಂಪನಿಯಾದರೆ ದಂಡ ಹತ್ತು ಲಕ್ಷ ಡಾಲರ್‌ವರೆಗೆ. ಹೊರದೇಶದಿಂದ ಆ ಶೈಲಿಯ ವಸ್ತು ತರಿಸಿದರೆ, ಎಲ್ಲಿ ತಯಾರಾಯಿತು ಎಂಬುದನ್ನು ಅಳಿಸಲಾಗದ ಹಾಗೆ ಅದರ ಮೇಲೆ ಗುರುತು ಮಾಡಿರಬೇಕು ಎಂಬ ಸುಂಕದ ನಿಯಮವೂ ಇದೆ.

ಕೇಳಲು ಬಿಗಿಯಾಗಿದೆ. ಆದರೆ ಇಡೀ ಕಾನೂನು ನಿಂತಿರುವುದು ಸುಳ್ಳು ಹೇಳಬಾರದು ಎಂಬುದರ ಮೇಲೆ. ಸುಳ್ಳು ಹೇಳದಿದ್ದರೆ ತಪ್ಪಿಲ್ಲ. ಅದೇ ಹದ್ದು, ಅದೇ ಕಾಗೆ, ಅದೇ ತಿಮಿಂಗಿಲವನ್ನು ಬೇರೆ ದೇಶದ ಕಾರ್ಖಾನೆಯಲ್ಲಿ ಯಂತ್ರದಿಂದ ಕೊರೆಸಿ, ‘ಅಲಾಸ್ಕಾ ಶೈಲಿಯ ಗೋಡೆ ಅಲಂಕಾರ’ ಎಂದು ಚೀಟಿ ಅಂಟಿಸಿ ಮಾರಿದರೆ ಯಾರೂ ಏನೂ ಮಾಡುವ ಹಾಗಿಲ್ಲ. ಹಡಗಿನಿಂದ ಇಳಿದು ಎರಡು ಗಂಟೆಯಲ್ಲಿ ಊರು ಸುತ್ತಿ ವಾಪಸ್ ಹತ್ತಬೇಕಾದ ಪ್ರವಾಸಿಗೆ ‘ಶೈಲಿ’ ಅನ್ನುವ ಸಣ್ಣ ಅಕ್ಷರ ಕಾಣುವುದಾದರೂ ಹೇಗೆ? ಅಲಾಸ್ಕಾದ ರಾಜಧಾನಿ, ಸುಮಾರು 32,000 ಜನ ಇರುವ ಜೂನೋ ಪಟ್ಟಣಕ್ಕೆ 2023ರ ಒಂದೇ ಸೀಸನ್ನಿನಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿ ಕ್ರೂಸ್ ಹಡಗುಗಳಲ್ಲಿ ಬಂದಿಳಿದರು. ಪೇಟೆ ಎಷ್ಟು ದೊಡ್ಡದು ಅನ್ನುವುದಕ್ಕೆ ಇದೊಂದು ಅಂಕಿ ಸಾಕು.

ಇನ್ನೊಂದು ತೊಡಕಿದೆ. ಈ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಮೆರಿಕದೊಳಗೆ ಮಾನ್ಯತೆ ಪಡೆದ ಬುಡಕಟ್ಟುಗಳನ್ನು ಮಾತ್ರ. ಹೈಡಾ ಎಂಬ ಬುಡಕಟ್ಟಿನ ಜನ ಅಲಾಸ್ಕಾದ ಹೈಡಬರ್ಗ್‌ನಲ್ಲೂ ಇದ್ದಾರೆ, ಕೆನಡಾದ ಹೈಡಾ ಗ್ವಾಯಿ ದ್ವೀಪಗಳಲ್ಲೂ ಇದ್ದಾರೆ. ಒಂದೇ ಭಾಷೆ, ಒಂದೇ ಕುಲ, ಒಂದೇ ಕಲೆ. ನಡುವೆ ಒಂದು ಗಡಿ. ಆ ಗಡಿಯನ್ನು ಎಳೆದವರು ಅವರಲ್ಲ.

ಇಷ್ಟಕ್ಕೂ ಈ ಸೀಡರ್ ಹಲಗೆಯ ಕಲೆ ಅಂದರೆ ಏನು? ಇವತ್ತು ಗ್ಯಾಲರಿಗಳಲ್ಲಿ ತೂಗುಹಾಕುವ ಕೆತ್ತಿದ ಹಲಗೆ ಬಂದದ್ದು ಹಳೆಯ ಕುಲದ ಮನೆಗಳಿಂದ. ಪೆಸಿಫಿಕ್ ಕರಾವಳಿಯ ಟ್ಲಿಂಗಿಟ್, ಹೈಡಾ, ಸಿಮ್ಶಿಯನ್ ಜನರ ದೊಡ್ಡ ಮನೆಗಳು ಪೂರ್ತಿ ಸೀಡರ್ ಮರದವು. ಒಂದೇ ಮನೆಯಲ್ಲಿ ಹಲವು ಸಂಸಾರ. ಮನೆಯ ಹಿಂಭಾಗದಲ್ಲಿ ಯಜಮಾನನ ಕೋಣೆ. ಅದಕ್ಕೆ ಅಡ್ಡಗೋಡೆಯಾಗಿ ನಿಂತದ್ದು ಕೆತ್ತಿ ಬಣ್ಣ ಹಚ್ಚಿದ ಹಲಗೆಗಳ ಪರದೆ.

ಅಲಾಸ್ಕಾದ ಕ್ಲಕ್ವಾನ್ ಹಳ್ಳಿಯ ‘ತಿಮಿಂಗಿಲ ಮನೆ’ಯ ಪರದೆ ಇವುಗಳಲ್ಲೆಲ್ಲ ಹೆಸರುವಾಸಿ. ತೆಳುವಾದ ಸೀಡರ್ ಹಲಗೆಗಳನ್ನು ಸಂದು ಕಾಣದ ಹಾಗೆ ಜೋಡಿಸಿ, ಮೇಲೆ ತೆಳ್ಳನೆಯ ಉಬ್ಬುಕೆತ್ತನೆ ಮಾಡಿದ್ದಾರೆ. ಮಧ್ಯದಲ್ಲಿ ಕೈಚಾಚಿದ ಒಂದು ದೊಡ್ಡ ಆಕೃತಿ. ಅದು ಮಳೆಯ ಆತ್ಮ. ಸುತ್ತ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಪುಟ್ಟ ಪುಟ್ಟ ಆಕೃತಿಗಳು. ಮಳೆಹನಿ ನೆಲಕ್ಕೆ ಬಿದ್ದು ಚಿಮ್ಮುತ್ತದಲ್ಲ, ಆ ಚಿಮ್ಮುಗಳು ಅವು. ದೊಡ್ಡ ಆಕೃತಿಯ ಮೈಯಲ್ಲಿ ದುಂಡನೆಯ ಕಿಂಡಿ ಇದೆ. ಯಜಮಾನ ತನ್ನ ಕೋಣೆಯಿಂದ ಹೊರಬರುವುದು ಆ ಕಿಂಡಿಯಿಂದಲೇ. ಕೂಟಕ್ಕೆ ಬಂದವರ ಎದುರು ಅವನು ಕುಲದ ಮೂಲಪುರುಷರ ಮೈಯಿಂದಲೇ ಇಳಿದು ಬಂದ ಹಾಗೆ ಕಾಣುತ್ತಿದ್ದ. ಇದನ್ನು ಬರೀ ‘ಗೋಡೆ ಅಲಂಕಾರ’ ಎಂದರೆ ತೀರಾ ಕಡಿಮೆ ಹೇಳಿದ ಹಾಗೆ.

ಕೆಲಸದ ಒಳಗುಟ್ಟನ್ನೂ ಸ್ವಲ್ಪ ನೋಡಬೇಕು. ಆಕೃತಿಯನ್ನೆಲ್ಲ ಹಿಡಿದು ನಿಲ್ಲಿಸುವುದು ಒಂದು ಕಪ್ಪು ಗೆರೆ. ಅದು ಎಲ್ಲೂ ತುಂಡಾಗುವುದಿಲ್ಲ. ತಿರುವಿನಲ್ಲಿ ದಪ್ಪಗಾಗುತ್ತದೆ, ಇನ್ನೊಂದು ಗೆರೆಯನ್ನು ಸೇರುವ ಕಡೆ ಸಣ್ಣಗಾಗುತ್ತದೆ. ಕಣ್ಣು, ಭುಜ, ಕೀಲುಗಳು ಬರುವ ಕಡೆ ಮೂಲೆ ತಿದ್ದಿದ ಮೊಟ್ಟೆಯಾಕಾರ. ಒಳಗಿನ ಎರಡನೇ ಗೆರೆ ಕೆಂಪು. ಉಳಿದ ಕೆಲವು ಜಾಗಕ್ಕೆ ನೀಲಿ ಹಸಿರು. ಹಿಂದೆ ಸಾಲ್ಮನ್ ಮೀನಿನ ಮೊಟ್ಟೆಯನ್ನು ಅಗಿದು, ಆ ಅಂಟಿಗೆ ಕಲ್ಲುಬಣ್ಣದ ಪುಡಿ ಕಲಸಿ ಹಚ್ಚುತ್ತಿದ್ದರು. ಈಗ ಹೆಚ್ಚಿನವರು ಅಕ್ರಿಲಿಕ್ ಬಳಸುತ್ತಾರೆ. ಹಲಗೆಯನ್ನು ಬಾಚಿಯಿಂದ ಕೆತ್ತಿ, ಬಾಗಿದ ಚಾಕುವಿನಿಂದ ಸಮ ಮಾಡುವ ಕ್ರಮ ಇವತ್ತಿಗೂ ಇದೆ.

ನಕಲಿಯನ್ನು ಹಿಡಿಯುವವರು ಮೊದಲು ನೋಡುವುದು ಈ ಕಪ್ಪು ಗೆರೆಯನ್ನೇ. ನಕಲು ಮಾಡುವವರು ಕಣ್ಣು, ಕೊಕ್ಕು, ರೆಕ್ಕೆಗಳನ್ನು ಬಿಡಿಬಿಡಿಯಾಗಿ ಎತ್ತಿ ಅಂಟಿಸಿರುತ್ತಾರೆ. ಗೆರೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಲೆಕ್ಕವೇ ಇರುವುದಿಲ್ಲ. ಕಂಪ್ಯೂಟರ್ ಬರೆದುಕೊಡುವ ಚಿತ್ರಗಳಲ್ಲೂ ಇದೇ ಕಥೆ. ನೋಡಿದ ಕೂಡಲೇ ಚೆಂದ. ಬೆರಳಿಟ್ಟು ಗೆರೆ ಹಿಡಿದು ಹೋದರೆ ಎಲ್ಲೋ ಕಳೆದುಹೋಗುತ್ತದೆ.

ಈಗ ಹಕ್ಕಿನ ಮಾತಿಗೆ ಬರೋಣ. ಟ್ಲಿಂಗಿಟ್ ಜನರಲ್ಲಿ ಕುಲ ಬರುವುದು ತಾಯಿಯಿಂದ, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಪ್ರತಿ ಕುಲಕ್ಕೂ ಅದರದೇ ಲಾಂಛನಗಳು, ಹಾಡುಗಳು, ಹೆಸರುಗಳು, ಕಥೆಗಳು ಇವೆ. ಅವು ಪೂರ್ವಜರು ಯಾವುದೋ ಕಷ್ಟದಲ್ಲಿ, ಕೆಲವೊಮ್ಮೆ ಪ್ರಾಣವನ್ನೇ ಕೊಟ್ಟು ಗಳಿಸಿದವು ಎಂಬ ನಂಬಿಕೆ. ಬೇರೆ ಕುಲದವರು ಅವನ್ನು ಸುಮ್ನೆ ಎತ್ತಿ ಬಳಸುವ ಹಾಗಿಲ್ಲ. ಇನ್ನೂ ಒಂದು ಸಂಗತಿ ಇದೆ, ಇಡೀ ಚರ್ಚೆಗೆ ಅದೇ ಕೀಲಿ ಎಂದು ನನಗನ್ನಿಸುತ್ತದೆ. ಟ್ಲಿಂಗಿಟ್ ಸಮಾಜದಲ್ಲಿ ಎರಡು ಪಾಲು: ರೇವನ್ ಅಂದರೆ ಕಾಡುಕಾಗೆಯ ಕಡೆ, ಈಗಲ್ ಅಂದರೆ ಹದ್ದಿನ ಕಡೆ. ಒಂದು ಕಡೆಯವರ ಮನೆಯ ಕೆತ್ತನೆಗೆ ಎದುರು ಪಾಲಿನವರನ್ನು ಕರೆಸುವುದು ಹಳೆಯ ಪದ್ಧತಿ. ಅವರಿಗೆ ಎಲ್ಲರೆದುರು ಕೂಲಿ, ಮರ್ಯಾದೆ ಎರಡೂ ಸಲ್ಲಬೇಕು. ತಿಮಿಂಗಿಲ ಮನೆಯ ಕಂಬಗಳನ್ನು ಕೆತ್ತಿದವರನ್ನೂ ದೂರದ ಸ್ಟಿಕೀನ್ ಸೀಮೆಯಿಂದ ಕರೆಸಲಾಗಿತ್ತು.

ಅಂದರೆ ಕೆತ್ತಿದವರು ಬೇರೆ, ಒಡೆಯರು ಬೇರೆ. ಹಿಂದಿನಿಂದಲೂ ಹಾಗೇ. ‘ಕೆತ್ತಿದವರು ಯಾರು’ ಎಂಬ ಒಂದೇ ಪ್ರಶ್ನೆ ಕೇಳುವ ಕಾನೂನು, ಆ ಜನರ ಸ್ವಂತ ನ್ಯಾಯದಲ್ಲಿ ಅರ್ಧಕ್ಕೇ ನಿಲ್ಲುವುದು ಇದಕ್ಕೇ.

ಇದು ಕೋರ್ಟಿನಲ್ಲೂ ಪರೀಕ್ಷೆಗೆ ಬಂದಿದೆ. ತಿಮಿಂಗಿಲ ಮನೆಯ ವಸ್ತುಗಳ ಮೇಲೆ ಸಂಗ್ರಹಕಾರರ ಕಣ್ಣು ನೂರು ವರ್ಷದಿಂದಲೂ ಇತ್ತು. ಲೂಯಿ ಶಾಟ್ರಿಜ್ ಅವರು ಸ್ವತಃ ಟ್ಲಿಂಗಿಟ್. ಅವರೇ 1920ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂಗಾಗಿ ಅವನ್ನು ಪಡೆಯಲು ಪ್ರಯತ್ನಪಟ್ಟರು. ಹಳ್ಳಿಯವರು ಬಿಟ್ಟುಕೊಡಲಿಲ್ಲ. ಒಪ್ಪಿಗೆಯಿಲ್ಲದೆ ಇಂಥ ವಸ್ತುಗಳನ್ನು ಹೊರಗೆ ಒಯ್ಯಬಾರದು ಎಂದು 1976ರಲ್ಲಿ ಹಳ್ಳಿಯ ಆಡಳಿತ ಕಟ್ಟಳೆಯನ್ನೇ ಮಾಡಿತು. ಹಾಗಿದ್ದೂ 1984ರಲ್ಲಿ, ಮನೆತನದ ಕೆಲವರ ನೆರವಿನಿಂದ, ನಾಲ್ಕು ಕಂಬಗಳೂ ಮಳೆಯ ಪರದೆಯೂ ಒಬ್ಬ ಕಲಾವ್ಯಾಪಾರಿಯ ಕೈಸೇರಿ ಸಿಯಾಟಲ್‌ನ ಗೋದಾಮಿಗೆ ಹೋದವು. ಹಳ್ಳಿ ಕೋರ್ಟಿಗೆ ಹೋಯಿತು. ಫೆಡರಲ್ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ 1993ರಲ್ಲಿ ಬುಡಕಟ್ಟಿನ ಕೋರ್ಟೇ ತೀರ್ಪು ಕೊಟ್ಟಿತು: ಇವು ಯಾರೋ ಕೆಲವರು ಮಾರಬಹುದಾದ ಸ್ವತ್ತಲ್ಲ, ವಾಪಸ್ ಬರಬೇಕು. 1994ರಲ್ಲಿ ಅವು ಊರಿಗೆ ಮರಳಿದವು. ಹತ್ತು ವರ್ಷ ಕತ್ತಲ ಗೋದಾಮಿನಲ್ಲಿ ಕಳೆದ ಮೇಲೆ.

1990ರ ನವೆಂಬರ್ ತಿಂಗಳಲ್ಲಿ ಅಮೆರಿಕ ಒಂದಲ್ಲ, ಎರಡು ಕಾನೂನು ಮಾಡಿತು. ಒಂದು, ಮೇಲೆ ಹೇಳಿದ ಕರಕುಶಲ ಕಾನೂನು. ಇನ್ನೊಂದು, ಮ್ಯೂಸಿಯಂಗಳಲ್ಲಿರುವ ಮೂಲನಿವಾಸಿಗಳ ಅಸ್ಥಿ, ಪವಿತ್ರ ವಸ್ತುಗಳನ್ನು ವಾಪಸ್ ಕೊಡಿಸುವ ನ್ಯಾಗ್‌ಪ್ರಾ. ಈ ಎರಡನೆಯದರಲ್ಲಿ ಒಂದು ದೊಡ್ಡ ಮಾತಿದೆ. ಕೆಲವು ವಸ್ತುಗಳು ಇಡೀ ಸಮುದಾಯದವು, ಯಾವ ಒಬ್ಬ ವ್ಯಕ್ತಿಗೂ ಅವನ್ನು ಮಾರುವ ಅಧಿಕಾರವಿಲ್ಲ ಎಂದು ಅದು ಒಪ್ಪುತ್ತದೆ. ಹಾಗಾದರೆ ಹಳೆಯ ಪರದೆ ಸಮುದಾಯದ್ದು ಎಂದು ಒಂದು ಕಾನೂನು ಹೇಳುತ್ತದೆ. ಅದೇ ಪರದೆಯ ಆಕೃತಿಯನ್ನು ಇವತ್ತು ಯಾರಾದರೂ ಹೊಸ ಹಲಗೆಗೆ ಇಳಿಸಿ ಮಾರಿದರೆ, ‘ಮೂಲನಿವಾಸಿ ಕೆತ್ತಿದ್ದು’ ಎಂದು ಸುಳ್ಳು ಹೇಳದಿದ್ದರೆ ಸಾಕು ಎಂದು ಇನ್ನೊಂದು ಹೇಳುತ್ತದೆ. ಮರದ ಮೇಲಿನ ಹಕ್ಕು ಒಪ್ಪಿದವರು ಆಕೃತಿಯ ಮೇಲಿನ ಹಕ್ಕನ್ನು ಯಾಕೆ ಒಪ್ಪಬಾರದು? ಒಂದೇ ತಿಂಗಳಲ್ಲಿ ಬಂದ ಎರಡು ಕಾನೂನುಗಳ ನಡುವಿನ ಈ ಬಿರುಕಿನಲ್ಲೇ ಇವತ್ತಿನ ನಕಲಿ ಪೇಟೆ ಬೆಳೆದಿದೆ.

ಕಾಪಿರೈಟ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದು ಒಬ್ಬ ಕಲಾವಿದರ ಒಂದು ಕೃತಿಗೆ. ಜೂನೋದಲ್ಲಿರುವ ಮೂಲನಿವಾಸಿಗಳ ಸಂಸ್ಥೆ ಸೀಅಲಾಸ್ಕಾ ಹೆರಿಟೇಜ್ ಇನ್‌ಸ್ಟಿಟ್ಯೂಟ್ 2020ರಲ್ಲಿ ದುಬಾರಿ ಬಟ್ಟೆಬರೆ ಮಾರುವ ನೀಮನ್ ಮಾರ್ಕಸ್ ಕಂಪನಿಯ ಮೇಲೆ ಕೇಸು ಹಾಕಿತು. ಟ್ಲಿಂಗಿಟ್ ನೇಯ್ಗೆಗಾರ್ತಿ ಕ್ಲಾರಿಸ್ಸಾ ರಿಜಾಲ್ ನೇಯ್ದ ನಿಲುವಂಗಿಯ ವಿನ್ಯಾಸವನ್ನು ಎರಡೂವರೆ ಸಾವಿರ ಡಾಲರ್ ಬೆಲೆಯ ಕೋಟ್‌ಗೆ ಬಳಸಿದ್ದಾರೆ ಎಂಬುದು ದೂರು. 2021ರಲ್ಲಿ ರಾಜಿಯಾಯಿತು. ಆ ನಿಲುವಂಗಿಯ ಕಾಪಿರೈಟ್ ನೋಂದಣಿ ಆಗಿದ್ದು ಅವರಿಗೆ ದೊಡ್ಡ ಬಲವಾಗಿತ್ತು. ಇನ್ನೂರು ವರ್ಷ ಹಳೆಯ ಕುಲದ ಲಾಂಛನಕ್ಕೆ ಯಾರು ಹೋಗಿ ನೋಂದಣಿ ಮಾಡಿಸುತ್ತಾರೆ? ಅವಧಿ ಮುಗಿದದ್ದು, ಎಲ್ಲರದ್ದು ಎಂದೇ ಕಾಪಿರೈಟ್ ಕಾನೂನು ಅದನ್ನು ನೋಡುತ್ತದೆ.

ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗೆ, ಕಿನ್ನಾಳದ ಕಲೆಗೆ ಜಿಐ ಟ್ಯಾಗ್ ಇದೆ. ಅದು ಊರಿನ ಹೆಸರನ್ನು ಕಾಯುತ್ತದೆ, ಒಳ್ಳೆಯದೇ. ಆದರೆ ಕ್ಲಕ್ವಾನ್ ಜನರಿಗೆ ಬೇಕಾದದ್ದು ಊರಿನ ಹೆಸರಿನ ರಕ್ಷಣೆಯಲ್ಲ. ಒಂದೇ ಊರಿನಲ್ಲಿ ಈ ಕುಲದವರು ಬಳಸಬಹುದಾದದ್ದನ್ನು ಆ ಕುಲದವರು ಬಳಸುವ ಹಾಗಿಲ್ಲ. ಇಂಥ ಹಕ್ಕಿಗೆ ಜಗತ್ತಿನ ಯಾವ ದೊಡ್ಡ ಒಪ್ಪಂದದಲ್ಲೂ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಹೊಸ ಒಪ್ಪಂದವೊಂದು ಆಯಿತು. ಅದು ಗಿಡಮೂಲಿಕೆಯಂಥ ಜೈವಿಕ ಸಂಪತ್ತು ಮತ್ತು ಅದಕ್ಕೆ ಅಂಟಿಕೊಂಡ ಸಾಂಪ್ರದಾಯಿಕ ತಿಳಿವಳಿಕೆಗೆ ಸೀಮಿತ. ಕಲೆ, ಹಾಡು, ಆಕೃತಿಗಳ ಮಾತುಕತೆ ಬೇರೆಯೇ ನಡೆಯುತ್ತಿದೆ, ಮುಗಿದಿಲ್ಲ.

ಕೆನಡಾದ ಪರಿಸ್ಥಿತಿ ಇನ್ನೂ ಕಷ್ಟದ್ದು. ಅಮೆರಿಕದಲ್ಲಿರುವಂಥ ವಿಶೇಷ ಕಾನೂನು ಅಲ್ಲಿ ಇಲ್ಲವೇ ಇಲ್ಲ. ಅದರ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಇತಿಹಾಸ ಗೊತ್ತಿದ್ದವರಿಗೆ ಇದು ಹೊಟ್ಟೆ ಉರಿಸುವ ಸಂಗತಿ. ಕುಲದ ಹಕ್ಕುಗಳನ್ನು ಎಲ್ಲರೆದುರು ಸಾರಿ, ಸಾಕ್ಷಿ ನಿಂತವರಿಗೆ ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಕೂಟವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. 1921ರಲ್ಲಿ ವಿಲೇಜ್ ಐಲೆಂಡ್‌ನಲ್ಲಿ ನಡೆದ ಕೂಟಕ್ಕಾಗಿ ಜನರನ್ನು ಜೈಲಿಗೆ ಹಾಕಿದರು. ಮುಖವಾಡ, ತಾಮ್ರದ ಫಲಕಗಳನ್ನು ಕಿತ್ತುಕೊಂಡು ಮ್ಯೂಸಿಯಂಗಳಿಗೆ ಕಳಿಸಿದರು. ಅವುಗಳಲ್ಲಿ ದೊಡ್ಡ ಪಾಲು ವಾಪಸ್ ಬಂದದ್ದು 1979 ಮತ್ತು 1980ರಲ್ಲಿ, ಅದೂ ಮ್ಯೂಸಿಯಂ ಕಟ್ಟಿಕೊಳ್ಳಿ ಎಂಬ ಷರತ್ತಿನ ಮೇಲೆ. ಸ್ವಂತ ಲಾಂಛನವನ್ನು ಸ್ವಂತ ಮನೆಯಲ್ಲಿ ತೋರಿಸಿದ್ದಕ್ಕೆ ಜೈಲಿಗೆ ಹಾಕಲು ಕಾನೂನಿತ್ತು. ಆ ಲಾಂಛನವನ್ನು ನಕಲು ಮಾಡಿ ಮಾರುವವರನ್ನು ತಡೆಯಲು ಮಾತ್ರ ಇವತ್ತಿಗೂ ನೇರ ಕಾನೂನಿಲ್ಲ.

ಹಾಗಾಗಿ ಅಲ್ಲಿ ಹೋರಾಟ ನಡೆದಿರುವುದು ಜನರ ಕೈಯಲ್ಲಿ. ಲೂಸಿಂಡಾ ಟರ್ನರ್ ಎಂಬ ಕೆತ್ತನೆಗಾರ್ತಿ ಇದ್ದರು. ಅವರು ಮೂಲನಿವಾಸಿಯಲ್ಲ. ನಿಸ್ಗಾ ಕಲಾವಿದ ನಾರ್ಮನ್ ಟೇಟ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಈ ವಿದ್ಯೆ ಕಲಿತವರು. ಇಂಟರ್ನೆಟ್‌ನಲ್ಲಿ ಮಾರಾಟಕ್ಕಿಟ್ಟ ನಕಲಿ ಮುಖವಾಡ, ಹಲಗೆಗಳನ್ನು ಒಂದೊಂದಾಗಿ ಹುಡುಕಿ, ಮೂಲ ಕಲಾವಿದರಿಗೆ ತಿಳಿಸಿ, ತೆಗೆಸುವ ಕೆಲಸವನ್ನು ಅವರು 2022ರಲ್ಲಿ ತೀರಿಕೊಳ್ಳುವವರೆಗೂ ಮಾಡಿದರು. ಕಲಿತ ವಿದ್ಯೆಯ ಋಣ ತೀರಿಸುವುದು ಅಂದರೆ ಇದೇ ಅಲ್ವಾ?

ಎಲ್ಲವನ್ನೂ ಬೀಗ ಹಾಕಿ ಇಡಬೇಕು ಎಂದು ಕಲಾವಿದರೇ ಹೇಳುತ್ತಿಲ್ಲ, ಅದೂ ಗೊತ್ತಿರಲಿ. ಹೈಡಾ ಜನ ಕಪ್ಪು ಆರ್ಜಿಲೈಟ್ ಕಲ್ಲನ್ನು ಕೆತ್ತಿ ನಾವಿಕರಿಗೆ ಮಾರಲು ಶುರುಮಾಡಿದ್ದು 19ನೇ ಶತಮಾನದ ಮೊದಲರ್ಧದಲ್ಲೇ. ಹೊರಗಿನವರಿಗಾಗಿ ಕೆತ್ತುವುದು ಅವರಿಗೆ ಹೊಸದಲ್ಲ. ಸೂರ್ಯನನ್ನು ಕದ್ದು ತಂದ ಕಾಗೆಯ ಕಥೆಯಂಥವು ಎಲ್ಲರೂ ಹೇಳುವ ಕಥೆಗಳು. ಮಾರಾಟಕ್ಕೆಂದು ಕೆತ್ತುವ ಹಲಗೆಗಳಲ್ಲಿ ಹೆಚ್ಚಿನವು ಇಂಥವೇ. ಕುಲದ ಲಾಂಛನ ಬೇರೆ. ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂಬ ವಿವೇಚನೆ ಅಲ್ಲಿನ ಕೆತ್ತನೆಗಾರರಿಗೆ ಚೆನ್ನಾಗಿ ಗೊತ್ತು. ಆ ತೀರ್ಮಾನ ಅವರ ಕೈಯಲ್ಲಿ ಇರಬೇಕು. ನಕಲಿ ಪೇಟೆ ಕಿತ್ತುಕೊಳ್ಳುವುದು ಅದನ್ನೇ.

ದುಡ್ಡಿನ ಪೆಟ್ಟೂ ಸಣ್ಣದಲ್ಲ. ನಕಲಿ ಹಲಗೆ ಒಂದು ಮಾರಾಟವನ್ನು ತಪ್ಪಿಸುವುದಷ್ಟೇ ಅಲ್ಲ, ‘ಇದರ ಬೆಲೆ ಇಷ್ಟೇ’ ಎಂಬ ಅಳತೆಯನ್ನೇ ಬದಲಿಸುತ್ತದೆ. ಪಕ್ಕದ ಅಂಗಡಿಯಲ್ಲಿ ಅಗ್ಗದ ಹಲಗೆ ನೋಡಿ ಬಂದವರಿಗೆ, ವಾರಗಟ್ಟಲೆ ಕೂತು ಕೆತ್ತಿದ್ದು ದುಬಾರಿ ಅನ್ನಿಸುತ್ತದೆ. ಗುರುವಿನ ಹತ್ತಿರ ಹತ್ತಾರು ವರ್ಷ ಕಲಿಯಬೇಕಾದ ಕೆಲಸ ಇದು. ಹೊಟ್ಟೆಪಾಡು ನಡೆಯುವುದಿಲ್ಲ ಎಂದಾದರೆ ಹುಡುಗರು ಬಾಚಿ ಹಿಡಿಯುವುದಾದರೂ ಯಾಕೆ?

ಇನ್ನು ಮರ. ಈ ಚರ್ಚೆಯಲ್ಲಿ ಮರವನ್ನು ಮರೆಯುವವರೇ ಜಾಸ್ತಿ. ಒಳ್ಳೆಯ ಹಲಗೆಗೆ ಬೇಕಾದದ್ದು ಹಳೆಯ ಕಾಡಿನ ಕೆಂಪು ಸೀಡರ್. ದಟ್ಟ ಕಾಡಿನಲ್ಲಿ ಬೆಳಕಿಗಾಗಿ ನೆಟ್ಟಗೆ ಮೇಲೇರಿದ ಮರ ಕೆಳಗಿನ ಕೊಂಬೆಗಳನ್ನು ಬೇಗ ಉದುರಿಸುತ್ತದೆ. ಆಮೇಲೆ ನೂರಾರು ವರ್ಷ ನಿಧಾನವಾಗಿ ದಪ್ಪಗಾಗುತ್ತದೆ. ಅದಕ್ಕೇ ಗಂಟಿಲ್ಲದ, ಎಳೆ ನೇರವಾದ ಮರ ಸಿಗುವುದು. ಬೆಣೆ ಹೊಡೆದರೆ ಉದ್ದಕ್ಕೂ ಸೀಳಿಕೊಳ್ಳುತ್ತದೆ. ಹಿಂದೆ ನಿಂತ ಮರದಿಂದಲೇ, ಮರವನ್ನು ಸಾಯಿಸದೆ, ಹಲಗೆ ಸೀಳಿ ತೆಗೆಯುತ್ತಿದ್ದರು. ಆ ಗಾಯದ ಗುರುತಿರುವ ಮರಗಳು ಆ ಕಾಡುಗಳಲ್ಲಿ ಇನ್ನೂ ನಿಂತಿವೆ. ಕಡಿದ ಜಾಗದಲ್ಲಿ ಮತ್ತೆ ಬೆಳೆದ ಮರ ಬೇಗ ದಪ್ಪಗಾಗುತ್ತದೆ. ಅದರ ಎಳೆ ಒರಟು, ಗಂಟು ಜಾಸ್ತಿ. ಸಣ್ಣ ಗೆರೆ ಕೆತ್ತಲು ಹೋದರೆ ಚೂರು ಎದ್ದುಬಿಡುತ್ತದೆ.

2015ರಲ್ಲಿ ತೆರೆದ ಜೂನೋದ ವಾಲ್ಟರ್ ಸೋಬೊಲೆಫ್ ಕಟ್ಟಡದ ಒಳಗೆ ಸಿಮ್ಶಿಯನ್ ಕಲಾವಿದ ಡೇವಿಡ್ ಬಾಕ್ಸ್‌ಲಿ ಅವರ ಕೆತ್ತನೆಯ ಮನೆಮುಖ ಇದೆ. 40 ಅಡಿ ಅಗಲ, 15 ಅಡಿ ಎತ್ತರ. ಇಂಥ ಇನ್ನೊಂದನ್ನು ಇನ್ನೂರು ವರ್ಷದ ನಂತರ ಯಾರಾದರೂ ಮಾಡಬೇಕಾದರೆ ಆ ಮರ ಈಗಲೇ ಕಾಡಿನಲ್ಲಿ ನಿಂತಿರಬೇಕು.

ಇದನ್ನು ಅರ್ಥಮಾಡಿಕೊಂಡು ಹೆಜ್ಜೆ ಇಟ್ಟವರು ಇದ್ದಾರೆ. ಹೈಡಾ ಗ್ವಾಯಿಯಲ್ಲಿ 2010ರ ಭೂಬಳಕೆ ಆದೇಶ ಕೆತ್ತನೆಗೆ ಯೋಗ್ಯವಾದ ದೊಡ್ಡ ಸೀಡರ್‌ಗಳಿಗೆ ರಕ್ಷಣೆ ಕೊಟ್ಟಿದೆ. ಎದೆಮಟ್ಟದಲ್ಲಿ 100 ಸೆಂಟಿಮೀಟರ್‌ಗಿಂತ ದಪ್ಪ, ಕನಿಷ್ಠ 7 ಮೀಟರ್ ಉದ್ದದ ಗಟ್ಟಿ ದಿಮ್ಮಿ ಸಿಗುವ ಮರಗಳು ಈ ಲೆಕ್ಕಕ್ಕೆ ಬರುತ್ತವೆ. 2024ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಇಡೀ ಹೈಡಾ ಗ್ವಾಯಿ ಮೇಲೆ ಹೈಡಾ ಜನರ ಒಡೆತನವನ್ನೇ ಒಪ್ಪಿಕೊಂಡಿತು. ಅಲಾಸ್ಕಾದಲ್ಲಿ ಮೂಲನಿವಾಸಿಗಳದೇ ಕಂಪನಿಯಾದ ಸೀಅಲಾಸ್ಕಾ ದಶಕಗಳ ಮರ ಕಡಿತವನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು.

ಎದುರು ದಿಕ್ಕಿನ ಗಾಳಿಯೂ ಬೀಸುತ್ತಿದೆ. ಆಗ್ನೇಯ ಅಲಾಸ್ಕಾದ ಟಾಂಗಸ್ ರಾಷ್ಟ್ರೀಯ ಅರಣ್ಯದ ಸುಮಾರು 92 ಲಕ್ಷ ಎಕರೆಗೆ ರಸ್ತೆ ನುಗ್ಗದ ಹಾಗೆ ಕಾಯುತ್ತಿದ್ದ ನಿಯಮವನ್ನು 2020ರಲ್ಲಿ ತೆಗೆದರು, 2023ರಲ್ಲಿ ವಾಪಸ್ ತಂದರು. 2025ರ ಜೂನ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಅದನ್ನು ದೇಶದೆಲ್ಲೆಡೆ ರದ್ದು ಮಾಡುವುದಾಗಿ ಹೇಳಿತು. ಇದರ ಜೊತೆಗೆ ಹವಾಮಾನದ ಹೊಡೆತ. ಬಾಗಿದ ಚಾಕುವಿಗೆ ಸೊಗಸಾಗಿ ಒಗ್ಗುವ ಹಳದಿ ಸೀಡರ್ ಆಗ್ನೇಯ ಅಲಾಸ್ಕಾದ 6 ಲಕ್ಷಕ್ಕೂ ಹೆಚ್ಚು ಎಕರೆಗಳಲ್ಲಿ ಒಣಗಿ ನಿಂತಿದೆ. ನೆಲಕ್ಕೆ ಹಿಮದ ಹೊದಿಕೆ ಕಡಿಮೆಯಾಗಿ, ವಸಂತದ ಶುರುವಿನ ಚಳಿಗೆ ಬೇರುಗಳು ಹೆಪ್ಪುಗಟ್ಟಿ ಸಾಯುತ್ತಿವೆ.

ಸಿಯಾಟಲ್, ವ್ಯಾಂಕೂವರ್ ಸುತ್ತಮುತ್ತ ಈಗ ಸಾಕಷ್ಟು ಕನ್ನಡದವರಿದ್ದಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಬ್ಯಾಗಿನಲ್ಲಿ ಒಂದು ಸಣ್ಣ ಕಂಬವೋ ಹಲಗೆಯೋ ಇರುತ್ತದೆ. ಅವರಿಗೆ ನನ್ನದೊಂದು ಕೋರಿಕೆ. ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ: ಕೆತ್ತಿದವರ ಹೆಸರೇನು, ಅವರು ಯಾವ ಬುಡಕಟ್ಟಿನವರು, ಈ ಆಕೃತಿಯ ಕಥೆ ಏನು, ಇದನ್ನು ಕೆತ್ತುವ ಹಕ್ಕು ಅವರಿಗೆ ಹೇಗೆ ಬಂತು, ಮರ ಯಾವ ಕಾಡಿನದು. ಅಲಾಸ್ಕಾದಲ್ಲಾದರೆ ರಾಜ್ಯದ ಕಲಾ ಮಂಡಳಿ ಕೊಡುವ ‘ಸಿಲ್ವರ್ ಹ್ಯಾಂಡ್’ ಮುದ್ರೆ ಇದೆಯಾ ನೋಡಿ. ಅದು 1961ರಿಂದ ಇದೆ. ಎಲ್ಲ ಕಲಾವಿದರೂ ಅದನ್ನು ಪಡೆದಿರುವುದಿಲ್ಲ, ಹಾಗಾಗಿ ಮುದ್ರೆ ಇಲ್ಲದ್ದೆಲ್ಲ ನಕಲಿಯಲ್ಲ. ‘ಶೈಲಿಯ’, ‘ಪ್ರೇರಿತ’ ಎಂಬ ಪದಗಳು ಚೀಟಿಯಲ್ಲಿದ್ದರೆ ಅದು ಅವರ ಕೆಲಸವಲ್ಲ ಎಂದೇ ತಿಳಿಯಿರಿ. ಸಾಧ್ಯವಾದರೆ ಬುಡಕಟ್ಟುಗಳ ಸಾಂಸ್ಕೃತಿಕ ಕೇಂದ್ರಗಳ ಅಂಗಡಿಗಳಿಂದ ಅಥವಾ ನೇರ ಕಲಾವಿದರಿಂದಲೇ ಕೊಳ್ಳಿ. ಬಜೆಟ್ ಕಡಿಮೆ ಇದ್ದರೆ ಅದೇ ಕಲಾವಿದರು ಸಹಿ ಹಾಕಿದ ಸಣ್ಣ ಪ್ರಿಂಟ್ ಸಿಗುತ್ತದೆ. ಅದರ ದುಡ್ಡು ಕೆತ್ತುವವರ ಮನೆಗೇ ಹೋಗುತ್ತದೆ.